ತುರಿಕೆಯಾ, ನೋವಾ?

ನಮ್ಮ ಬೀದಿಯವರೆಲ್ಲ ನನಗೆ ಕಣ್ಣಿನ ಪೊರೆ ತೆಗೆದಿದ್ದಾರೆ ಅಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ. 53 ವರ್ಷದ ಹೈಸ್ಕೂಲ್ ಟೀಚರೊಬ್ಬಳು ದಸರಾ ರಜೆಯಲ್ಲಿ ಹಾಸನಕ್ಕೆ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ಚಿಕ್ಕಮಗಳೂರಿಗೆ ವಾಪಸ್ ಬಂದರೆ ಜನ ಇನ್ನೇನು ತಿಳಿಯಬೇಕು? ಕೇಳಿದವರಿಗೆ "ಕಣ್ಣಿನ ಆಪರೇಷನ್" ಅಂದೆ. ಸುಳ್ಳೇನೂ ಅಲ್ಲ. ರೆಪ್ಪೆಯೂ ಕಣ್ಣಿಗೇ ಸೇರಿದ್ದು ಅಲ್ವಾ?

ಮಾಡಿಸಿಕೊಂಡದ್ದು ಮೇಲಿನ ರೆಪ್ಪೆಗಳ ಜೋತುಬಿದ್ದ ಚರ್ಮ ತೆಗೆಯುವ ಆಪರೇಷನ್. ಡಾಕ್ಟರುಗಳು ಬ್ಲೆಫರೋಪ್ಲಾಸ್ಟಿ ಅನ್ನುತ್ತಾರೆ. ನಮ್ಮ ಅಮ್ಮನಿಗೂ ಹೀಗೇ ಇತ್ತು. ನಲವತ್ತೈದು ದಾಟುತ್ತಿದ್ದ ಹಾಗೆ ರೆಪ್ಪೆಯ ಮೇಲೆ ಇನ್ನೊಂದು ರೆಪ್ಪೆ ಬಂದು ಕೂತ ಹಾಗೆ. ಒಂದು ದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು "ಮಿಸ್, ನಿದ್ದೆ ಬರ್ತಿದೆಯಾ?" ಅಂತ ಕೇಳಿದ. ನಗುತ್ತಲೇ ಗದರಿಸಿದೆ. ಮನೆಗೆ ಬಂದು ಕನ್ನಡಿ ಮುಂದೆ ತುಂಬಾ ಹೊತ್ತು ನಿಂತೆ. ಹುಬ್ಬು ಎತ್ತಿ ಎತ್ತಿ ನೋಡಬೇಕು, ಸಂಜೆ ಹೊತ್ತಿಗೆ ಹಣೆ ನೋಯುತ್ತದೆ ಅಂತೆಲ್ಲ ಯಜಮಾನರಿಗೆ ಹೇಳಿದೆ. ಅದೂ ನಿಜವೇ. ಆದರೆ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ, ಮಾಡಿಸಿಕೊಂಡದ್ದು ಚಂದಕ್ಕೆ. ದುಡ್ಡು ನನ್ನದೇ ಆರ್‌ಡಿಯದು.

ಹಾಸನವನ್ನೇ ಆರಿಸಿದ್ದಕ್ಕೆ ಕಾರಣ, ತಂಗಿ ಮನೆ ಅಲ್ಲಿ ವಿದ್ಯಾನಗರದಲ್ಲಿದೆ. ಇನ್ನೊಂದು ಕಾರಣ, ಚಿಕ್ಕಮಗಳೂರಿನಲ್ಲಿ ನಾನು ಯಾವ ಆಸ್ಪತ್ರೆಗೆ ಹೋದರೂ ಅಲ್ಲೊಬ್ಬ ಹಳೇ ವಿದ್ಯಾರ್ಥಿ ಇರುತ್ತಾನೆ. ಬೇಲೂರು ದಾಟಿ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನಾನು ಯಾರೋ, ಅವರು ಯಾರೋ.

ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೇಳಿದ ಪ್ರಶ್ನೆಗಳು ಮಾತ್ರ ಹಳೇ ವಕೀಲರ ಹಾಗೆ. ಶುಗರ್ ಇದೆಯಾ, ಥೈರಾಯ್ಡ್ ಮಾತ್ರೆ ಎಷ್ಟು, ಆಸ್ಪಿರಿನ್ ತಗೋತೀರಾ, ಕಣ್ಣು ಒಣಗಿದ ಹಾಗೆ ಆಗುತ್ತಾ, ಪೆನಿಸಿಲಿನ್ ಆಗಲ್ಲ ಅಂತ ಯಾರಾದರೂ ಹೇಳಿದ್ದಾರಾ. ಕೊನೆಗೆ, "ಗಾಯಕ್ಕೆ ಯಾವುದಾದರೂ ಮುಲಾಮು ಹಚ್ಚಿ ಅಲರ್ಜಿ ಆಗಿದ್ದಿದೆಯಾ?"

"ಇಲ್ಲ" ಅಂದೆ. ಆಗ ನೆನಪಾಗಲಿಲ್ಲ. ನೆನಪಾದದ್ದು ಆಪರೇಷನ್ ಆದ ಆರನೇ ದಿನ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಆಮೇಲೆ ಎಷ್ಟು ದಿನ ಮಾತ್ರೆ ಡಾಕ್ಟ್ರೇ?"

"ಯಾವ ಮಾತ್ರೆ?"

"ಆಂಟಿಬಯಾಟಿಕ್."

"ಆಪರೇಷನ್‌ಗೆ ಮುಂಚೆ ಒಂದೇ ಒಂದು ಇಂಜೆಕ್ಷನ್. ಆಮೇಲೆ ಏನೂ ಇಲ್ಲ. ನೋವಾದರೆ ಪ್ಯಾರಾಸಿಟಮಾಲ್ ತಗೊಳ್ಳಿ."

ನನಗೆ ಸಮಾಧಾನವಾಗಲಿಲ್ಲ. ತಂಗಿಗೆ ಸಿಸೇರಿಯನ್ ಆದಾಗ ಏಳು ದಿನ ಕೊಟ್ಟಿದ್ದರು. ಯಜಮಾನರ ಹರ್ನಿಯಾಕ್ಕೆ ಐದು ದಿನ. ಹಲ್ಲು ಕೀಳಿಸಿದರೂ ಒಂದು ಸ್ಟ್ರಿಪ್ ಕೈಗೆ ಬರುತ್ತದೆ. ಇಲ್ಲಿ ಮುಖ ಕೊಯ್ಯುತ್ತಾರಂತೆ, ಬರೀ ಪ್ಯಾರಾಸಿಟಮಾಲ್ ಅಂತೆ!

ಡಾಕ್ಟರು ಬೇಸರ ಮಾಡಿಕೊಳ್ಳದೆ ವಿವರಿಸಿದರು. ಮುಖದಲ್ಲಿ ರಕ್ತದ ಓಡಾಟ ಜಾಸ್ತಿ, ರೆಪ್ಪೆಯಲ್ಲಂತೂ ಇನ್ನೂ ಜಾಸ್ತಿ. ಗಾಯ ಬೇಗ ಕೂಡಿಕೊಳ್ಳುತ್ತದೆ. ಕೀವು, ಕೊಳೆ ಏನೂ ಇಲ್ಲದ ಚರ್ಮವನ್ನು ಶುಚಿ ಮಾಡಿ ಕೊಯ್ಯುವುದರಿಂದ ಇದು 'ಕ್ಲೀನ್' ಗಾಯ. ಇಂಥ ರೆಪ್ಪೆ ಆಪರೇಷನ್ನಿನಲ್ಲಿ ನೂರಕ್ಕೆ ಒಬ್ಬರಿಗೂ ಸೋಂಕು ಬರುವುದಿಲ್ಲ. "ಇಷ್ಟು ಚಿಕ್ಕ ಕೆಲಸಕ್ಕೆ ಆ ಇಂಜೆಕ್ಷನ್ನೂ ಬೇಡ ಅನ್ನೋ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ಕೊಡ್ತೀನಿ. ಮುಗಿದ ಮೇಲೆ ಮುನ್ನೆಚ್ಚರಿಕೆಗೆ ಅಂತ ಮುಂದುವರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ."

"ಮತ್ತೆ ಬೇರೆಯವರೆಲ್ಲ ಯಾಕೆ ಕೊಡ್ತಾರೆ?"

"ಭಯಕ್ಕೆ ಮೇಡಂ. ಪೇಷೆಂಟಿನ ಭಯ ಅರ್ಧ, ನಮ್ಮ ಭಯ ಅರ್ಧ."

ಹೊರಗೆ ಬೆಂಚಿನಲ್ಲಿ ಮೂಗಿಗೆ ಪಟ್ಟಿ ಹಾಕಿಸಿಕೊಂಡ ಹುಡುಗನೊಬ್ಬ ಕೂತಿದ್ದ. ಅವನ ಚೀಟಿಯಲ್ಲಿ ಆಂಟಿಬಯಾಟಿಕ್ ಇತ್ತು, ನಾನು ಬಗ್ಗಿ ನೋಡಿದೆ. ನಾಚಿಕೆ ಬಿಟ್ಟು ಮತ್ತೆ ಒಳಗೆ ಹೋಗಿ, "ಆ ಹುಡುಗನಿಗೆ ಕೊಟ್ಟಿದ್ದೀರಲ್ಲ?" ಅಂತ ಕೇಳಿಯೇಬಿಟ್ಟೆ. ಡಾಕ್ಟರು ನಕ್ಕರು. ಮೂಗಿನ ಒಳಗು ರೆಪ್ಪೆಯ ಹಾಗೆ ಶುಚಿಯಲ್ಲವಂತೆ. ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಮ್ಮನೆ ಬಿಡಾರ ಹೂಡಿರುತ್ತದೆ. ಜೊತೆಗೆ ಅವನ ಮೂಗಿನಲ್ಲಿ ಹತ್ತಿ ತುರುಕಿದ್ದಾರೆ. ಅದನ್ನು ತೆಗೆಯುವವರೆಗೆ ಮಾತ್ರ ಮಾತ್ರೆ. ಕೊಯ್ಯುವ ಜಾಗ ಯಾವುದು, ಒಳಗೆ ಏನಾದರೂ ಇಡುತ್ತೇವಾ, ಪೇಷೆಂಟಿಗೆ ಶುಗರ್ ಇದೆಯಾ ಅಂತ ನೋಡಿ ತೀರ್ಮಾನ ಮಾಡುವುದಂತೆ, ಎಲ್ಲರಿಗೂ ಒಂದೇ ಚೀಟಿ ಬರೆಯುವುದಿಲ್ಲವಂತೆ.

ಕೊಟ್ಟ ಹಾಳೆಯಲ್ಲಿ ಹಿಂದಿನ ರಾತ್ರಿ ತಲೆಸ್ನಾನ, ಕಾಡಿಗೆ ಬೇಡ, ಹುಬ್ಬಿನ ಥ್ರೆಡಿಂಗ್ ಬೇಡ ಅಂತೆಲ್ಲ ಇತ್ತು. ಕೊನೆಯ ಸಾಲು, "ನಾವು ಹೇಳದ ಏನನ್ನೂ ಹಚ್ಚಬೇಡಿ." ಅದರ ಕೆಳಗೆ ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದರು.

ಆಪರೇಷನ್ ದಿನ ಬೆಳಿಗ್ಗೆ ತಂಗಿಯ ಜೊತೆ ಆಟೋದಲ್ಲಿ ಹೋದೆ. ಸಿಸ್ಟರ್ ಮೊದಲು ಟೆಸ್ಟ್ ಡೋಸ್ ಕೊಟ್ಟರು. ಮುಂಗೈಯ ಒಳಭಾಗದಲ್ಲಿ ಸಣ್ಣ ಸೂಜಿಯಿಂದ ಚರ್ಮದೊಳಗೆ ಒಂದು ಹನಿ. ಸೊಳ್ಳೆ ಕಚ್ಚಿದ ಗುಳ್ಳೆಯಷ್ಟು ಉಬ್ಬಿತು. ಅದರ ಸುತ್ತ ಬಾಲ್‌ಪೆನ್ನಿನಲ್ಲಿ ವೃತ್ತ ಬರೆದು, "ತುರಿಸಿದರೆ ಹೇಳಿ, ಆದರೆ ಕೆರೀಬೇಡಿ" ಅಂದರು. ಇಪ್ಪತ್ತು ನಿಮಿಷ ಆ ವೃತ್ತವನ್ನೇ ನೋಡುತ್ತಾ ಕೂತೆ. ಏನೂ ಆಗಲಿಲ್ಲ. ಆಮೇಲೆ ಕೈಯ ಹಿಂಬದಿಗೆ ಸೂಜಿ ಚುಚ್ಚಿ ಟೇಪ್ ಅಂಟಿಸಿ, ಸೆಫಜೋಲಿನ್ 1 ಗ್ರಾಂ ನಿಧಾನವಾಗಿ ಬಿಟ್ಟರು. ಸಿಸ್ಟರ್ ಗೋಡೆ ಗಡಿಯಾರ ನೋಡಿ ಕೇಸ್ ಶೀಟಿನಲ್ಲಿ ಹೊತ್ತು ಬರೆದರು. 9.20. ಡಾಕ್ಟರು ಚಾಕು ಹಿಡಿದದ್ದು ಹತ್ತಕ್ಕೆ ಐದು ನಿಮಿಷ ಇರುವಾಗ.

ಆ ಗಡಿಯಾರ ನೋಡಿದ್ದು ಸುಮ್ನೆ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕೊಯ್ಯುವ ಹೊತ್ತಿಗೆ ಔಷಧಿ ರಕ್ತದಲ್ಲಿ, ಆ ಜಾಗದಲ್ಲಿ ಆಗಲೇ ತುಂಬಿರಬೇಕು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ 2,847 ಆಪರೇಷನ್ ರೋಗಿಗಳನ್ನು ಗಮನಿಸಿ 1992ರಲ್ಲಿ ಒಂದು ವರದಿ ಪ್ರಕಟವಾಗಿತ್ತು. ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಆಂಟಿಬಯಾಟಿಕ್ ಪಡೆದವರಲ್ಲಿ ಗಾಯಕ್ಕೆ ಸೋಂಕು ಬಂದದ್ದು ಶೇಕಡ 0.6 ಜನರಿಗೆ. ಕೊಯ್ದು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಶೇಕಡ 3.3. ಅಂದರೆ ಕಳ್ಳ ಬರುವ ಮುಂಚೆ ಬಾಗಿಲು ಹಾಕಬೇಕು. ನಾನು ಮಾಡಿದ್ದು ಕಳ್ಳನೇ ಬರದ ಮನೆಗೆ ಎರಡು ದಿನ ಬಿಟ್ಟು ಬೀಗ ತಂದ ಕೆಲಸ. ಆ ಕಥೆಗೇ ಬರುತ್ತಿದ್ದೇನೆ.

ಆಪರೇಷನ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಕೂರಿಸಿ ರೆಪ್ಪೆಯ ಮೇಲೆ ನೇರಳೆ ಪೆನ್ನಿನಲ್ಲಿ ಗೆರೆ ಎಳೆದರು. ಮಲಗಿಸಿ ಮುಖವನ್ನೆಲ್ಲ ಕಂದು ಬಣ್ಣದ ಅಯೋಡಿನ್ ದ್ರಾವಣದಲ್ಲಿ ಒರೆಸಿದರು. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಚುರುಕ್ ಅಂತು. ಆಮೇಲೆ ಎಳೆದ ಹಾಗೆ, ಒತ್ತಿದ ಹಾಗೆ ಗೊತ್ತಾಗುತ್ತಿತ್ತೇ ಹೊರತು ನೋವಿಲ್ಲ. ರಕ್ತ ನಿಲ್ಲಿಸಲು ಸುಡುವಾಗ ಕೂದಲು ಸುಟ್ಟ ವಾಸನೆ ಬಂತು, ಅದೊಂದು ಹಿಡಿಸಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಎರಡೂ ಕಡೆ ಮುಗಿಯಿತು. ಮನೆಗೆ ಕಳಿಸುವಾಗ ಡಾಕ್ಟರು ತಂಗಿಯನ್ನು ಕರೆದು ಹೇಳಿದರು. ಒಂದು ಕಣ್ಣು ಮಾತ್ರ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಊದಿಕೊಂಡು ತುಂಬಾ ನೋವಾದರೆ, ಅಥವಾ ಕಣ್ಣು ಮಂಜಾದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಫೋನ್ ಮಾಡಿ ತಕ್ಷಣ ಬರಬೇಕು. ಒಳಗೆ ರಕ್ತ ಸೇರಿ ಕಣ್ಣಿನ ನರವನ್ನು ಒತ್ತಬಹುದು. ಅದಕ್ಕೆ ಕಾಯುವ ಹಾಗಿಲ್ಲ. ಉಳಿದಂತೆ ಎರಡು ದಿಂಬು ಇಟ್ಟು ಮಲಗುವುದು, ತಣ್ಣೀರ ಪಟ್ಟಿ, ಹೊಲಿಗೆಯ ಮೇಲೆ ಹಚ್ಚಲು ಬರೀ ವ್ಯಾಸಲಿನ್ ಥರದ ಬಿಳಿ ಜೆಲ್ಲಿ. ಔಷಧಿ ಇಲ್ಲದ ಜೆಲ್ಲಿ.

ಎರಡನೇ ದಿನ ಯಜಮಾನರು ಕಾರು ತಂದು ಕರೆದುಕೊಂಡು ಹೋದರು. ಬೇಲೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗಲೂ ನಾನು ಕೆಳಗೆ ಇಳಿಯಲಿಲ್ಲ. ಕನ್ನಡಕದ ಹಿಂದೆ ರೆಪ್ಪೆಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಮನೆಯಲ್ಲಿ ಅತ್ತೆಗೂ ಪೊರೆ ಆಪರೇಷನ್ ಅಂತಲೇ ಹೇಳಿದ್ದೆವು. ಎಡವಟ್ಟು ಶುರುವಾದದ್ದು ಅಲ್ಲೇ. ಅವರಿಗೆ ಪೊರೆ ತೆಗೆದು ಆರು ವರ್ಷವಾಯಿತು, ಒಂದೊಂದೂ ನೆನಪಿದೆ. "ನಂಗೆ ದಿನಕ್ಕೆ ಆರು ಸಲ ಡ್ರಾಪ್ಸು ಹಾಕ್ತಿದ್ರಲ್ಲೇ. ನಿಂಗೆ ಡ್ರಾಪ್ಸೂ ಇಲ್ಲ, ಮಾತ್ರೇನೂ ಇಲ್ಲ. ಎಂಥ ಡಾಕ್ಟ್ರ ಹತ್ರ ಹೋಗಿದ್ದೆ ನೀನು?" ಎದುರು ಮನೆ ಅಕ್ಕ ಬಂದರು. "ಆಂಟಿಬಯಾಟಿಕ್ ಕೊಟ್ಟಿಲ್ವಾ! ಕೀವಾಗಿಬಿಟ್ರೆ?" ಸ್ಟಾಫ್‌ರೂಮಿನಿಂದ ಫೋನ್ ಬಂತು, ಅವರೂ ಅದನ್ನೇ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಆದರೆ ಉತ್ತರ ಕೊಡಬೇಕಾದರೆ ಇದು ಪೊರೆಯಲ್ಲ ಅಂತ ಮೊದಲು ಹೇಳಬೇಕಿತ್ತು. ಸುಮ್ಮನಾದೆ. ಸುಮ್ಮನಿದ್ದಷ್ಟೂ ಅವರ ಭಯ ನನ್ನದಾಗುತ್ತಾ ಹೋಯಿತು.

ಅವತ್ತು ಸಂಜೆ ಕನ್ನಡಕ ಹಾಕಿಕೊಂಡು, ತಲೆಗೆ ಸೆರಗು ಹೊದ್ದು, ಮೆಡಿಕಲ್ ಶಾಪಿಗೆ ಹೋದೆ. ಅಂಗಡಿ ಹುಡುಗ ನನ್ನ ಹಳೇ ವಿದ್ಯಾರ್ಥಿ. ಅವನಿಗೆ ಎಂಟನೇ ಕ್ಲಾಸಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡಿದವಳು ನಾನೇ. 1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಪುಸ್ತಕದಲ್ಲಿದೆ. ನಾನು ಪ್ರತಿ ವರ್ಷ ಅದಕ್ಕೆ ಇನ್ನೊಂದು ಸೇರಿಸುತ್ತೇನೆ. 1945ರಲ್ಲಿ ನೊಬೆಲ್ ಭಾಷಣ ಮಾಡುವಾಗ ಅವರು, ಈ ಔಷಧಿ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬರಬಹುದು, ಆಗ ತಿಳಿಯದವರು ಕಮ್ಮಿ ಡೋಸ್ ತಗೊಂಡು ಬ್ಯಾಕ್ಟೀರಿಯಾಗಳನ್ನು ಔಷಧಿಗೆ ಬಗ್ಗದ ಹಾಗೆ ಪಳಗಿಸಿಬಿಡುತ್ತಾರೆ ಅಂತ ಎಚ್ಚರಿಸಿದ್ದರು. ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆಸಿ ವಿವರಿಸುತ್ತೇನೆ. ಆ ಅಂಗಡಿಯ ಮುಂದೆ ಆ ತಿಳಿಯದವಳು ನಾನಾಗಿ ನಿಂತಿದ್ದೆ.

"ಗಾಯಕ್ಕೆ ಒಂದು ಆಂಟಿಬಯಾಟಿಕ್ ಕೊಡಪ್ಪ."

"ಚೀಟಿ ಇದೆಯಾ ಮಿಸ್?"

"ಮನೇಲಿ ಬಿಟ್ಟು ಬಂದೆ."

ಅವನು ಒಂದು ಸಲ ನನ್ನ ಕನ್ನಡಕ ನೋಡಿದ. "ನಿಮಗೆ ಇಲ್ಲ ಅನ್ನೋಕಾಗುತ್ತಾ ಮಿಸ್" ಅಂತ ಹತ್ತು ಮಾತ್ರೆಯ ಒಂದು ಸ್ಟ್ರಿಪ್, ಒಂದು ಮುಲಾಮಿನ ಟ್ಯೂಬ್ ಕೊಟ್ಟ. ಎರಡೂ ಸೇರಿ ಇನ್ನೂರಕ್ಕೆ ಸ್ವಲ್ಪ ಕಮ್ಮಿ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಸ್ಟ್ರಿಪ್ಪಿನಲ್ಲಿದ್ದದ್ದು ಸೆಫಿಕ್ಸಿಮ್ 200. ಕೆಂಪು ಅಂಚಿನ ಚೌಕದೊಳಗೆ ಷೆಡ್ಯೂಲ್ ಎಚ್1 ಔಷಧಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಎಚ್ಚರಿಕೆ ಅಚ್ಚಾಗಿತ್ತು. ಇದು 2014ರ ಮಾರ್ಚಿನಿಂದ ಇರುವ ನಿಯಮ. ಇಂಥ ಔಷಧಿ ಮಾರಿದರೆ ಬೇರೆಯೇ ಒಂದು ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅಂತ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನನ್ನ ಹೆಸರು ಯಾವ ರಿಜಿಸ್ಟರಿಗೂ ಹತ್ತಲಿಲ್ಲ. ಟ್ಯೂಬು ಎಲ್ಲರ ಮನೆಯಲ್ಲೂ ಇರುವಂಥದ್ದು. ನಿಯೋಮೈಸಿನ್ ಸೇರಿ ಎರಡು ಮೂರು ಆಂಟಿಬಯಾಟಿಕ್ ಬೆರೆಸಿದ ಮುಲಾಮು. ಚಾಕು ತಾಗಿದರೆ, ಮಕ್ಕಳು ಬಿದ್ದು ಮಂಡಿ ತರಚಿಕೊಂಡರೆ ಹಚ್ಚುತ್ತೇವಲ್ಲ, ಅದೇ.

ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ನುಂಗಿದೆ. ಹೊಲಿಗೆಯ ಮೇಲೆ ಮುಲಾಮು ಹಚ್ಚಿದೆ. ಬೆರಳಲ್ಲಿ ಉಳಿದದ್ದನ್ನು ಹಾಳು ಮಾಡುವುದೇಕೆ ಅಂತ ಹುಬ್ಬಿನ ಮೇಲೂ ಕಣ್ಣಿನ ತುದಿಯಿಂದ ಕಪೋಲದವರೆಗೂ ಸವರಿದೆ. ಅವತ್ತು ಚೆನ್ನಾಗಿ ನಿದ್ದೆ ಬಂತು.

ನಾಲ್ಕನೇ ದಿನ ಹೊಟ್ಟೆ ಕೆಟ್ಟಿತು. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಐದು ಸಲ. ಅತ್ತೆ ಮೆಂತ್ಯ ಮಜ್ಜಿಗೆ ಮಾಡಿಕೊಟ್ಟರು. ಹೊಟ್ಟೆಯದು ಬೇರೆ ಲೆಕ್ಕ, ಗಾಯದ್ದು ಬೇರೆ ಲೆಕ್ಕ ಅಂತ ಮಾತ್ರೆ ಬಿಡಲಿಲ್ಲ. ಶುರು ಮಾಡಿದ ಕೋರ್ಸ್ ಅರ್ಧಕ್ಕೆ ನಿಲ್ಲಿಸಬಾರದು ಅಂತ ಪಾಠ ಮಾಡಿದವಳು ಬೇರೆ.

ಅದೇ ರಾತ್ರಿ ರೆಪ್ಪೆ ಕಡಿಯಲು ಶುರುವಾಯಿತು. ಬೆಳಿಗ್ಗೆ ಕನ್ನಡಿ ನೋಡಿದರೆ ಎದೆ ಧಸಕ್ಕೆಂದಿತು. ನೇರಳೆ ಬಣ್ಣ ಇಳಿದು ಹಳದಿಗೆ ತಿರುಗುತ್ತಿದ್ದ ಜಾಗ ಕೆಂಪಗೆ ಕುಂಕುಮ ಮೆತ್ತಿದ ಹಾಗಾಗಿತ್ತು. ಸಣ್ಣ ಸಣ್ಣ ನೀರುಗುಳ್ಳೆ. ಊತ ಮೂರನೇ ದಿನಕ್ಕಿಂತ ಜಾಸ್ತಿ. ಸೋಂಕು ಆಗೇಹೋಯಿತು ಅಂದುಕೊಂಡೆ. ಆಂಟಿಬಯಾಟಿಕ್ ಕೊಡದ ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ. ಮುಲಾಮನ್ನು ದಪ್ಪಗೆ, ದಿನಕ್ಕೆ ನಾಲ್ಕು ಸಲ ಹಚ್ಚತೊಡಗಿದೆ. ಹಚ್ಚಿದಷ್ಟೂ ಕೆಂಪಾಯಿತು. ಕೆಂಪಾದಷ್ಟೂ ಹಚ್ಚಿದೆ.

ಸಂಜೆ ಯಜಮಾನರು ತಡೆಯಲಾರದೆ ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಿದರು. ಐದು ನಿಮಿಷದಲ್ಲಿ ಅವರೇ ಫೋನ್ ಮಾಡಿದರು. ಜ್ವರ ಇದೆಯಾ? ಇಲ್ಲ. ಕೀವು? ಇಲ್ಲ. ನೋಟ ಸರಿಯಾಗಿದೆಯಾ? ಇದೆ. ಒಂದೇ ಕಡೆಯಾ, ಎರಡೂ ಕಡೆಯಾ? ಎರಡೂ ಕಡೆ, ಒಂದೇ ಥರ.

"ತುರಿಕೆಯಾ, ನೋವಾ?"

ನಾನು ಸ್ವಲ್ಪ ಯೋಚಿಸಿದೆ. ನೋವು ಅಂತ ಹೇಳಬೇಕು ಅನ್ನಿಸಿತು. ಸೋಂಕಾದರೆ ನೋವಿರಬೇಕು ತಾನೇ? ಆದರೆ ನೋವಿರಲಿಲ್ಲ. "ತುರಿಕೆ ಡಾಕ್ಟ್ರೇ. ಕಿತ್ತು ಬಿಸಾಕೋಣ ಅನ್ನೋಷ್ಟು ತುರಿಕೆ."

"ಏನು ಹಚ್ಚಿದ್ದೀರಿ ಮೇಡಂ?" ಅಂದರು. ಕೇಳಿದ ರೀತಿ ನೋಡಿದರೆ ಉತ್ತರ ಅವರಿಗೆ ಆಗಲೇ ಗೊತ್ತಿತ್ತು.

ಹೊಲಿಗೆ ಬಿಚ್ಚಲು ಮಾರನೇ ದಿನ ಹೇಗೂ ಹಾಸನಕ್ಕೆ ಹೋಗಬೇಕಿತ್ತು. ಸ್ಟ್ರಿಪ್ಪು, ಟ್ಯೂಬು ಎರಡನ್ನೂ ತರಲು ಹೇಳಿದ್ದರು. ಮೇಜಿನ ಮೇಲೆ ಇಟ್ಟೆ. ಹೋಂವರ್ಕ್ ಮಾಡದೆ ಬಂದ ಮಕ್ಕಳು ನನ್ನ ಟೇಬಲ್ ಮುಂದೆ ಹೇಗೆ ನಿಲ್ಲುತ್ತಾರೆ ಅಂತ ಅವತ್ತು ಗೊತ್ತಾಯಿತು.

ಡಾಕ್ಟರು ಬೈಯಲಿಲ್ಲ. ದೀಪ ಹತ್ತಿರ ತಂದು ನೋಡಿದರು. ಕೈಗೆ ಒಂದು ಕನ್ನಡಿ ಕೊಟ್ಟು, "ಈ ಕೆಂಪು ಎಲ್ಲೆಲ್ಲಿದೆ ನೀವೇ ನೋಡಿ" ಅಂದರು. ಹೊಲಿಗೆ ಇದ್ದದ್ದು ರೆಪ್ಪೆಯ ಮಡಿಕೆಯಲ್ಲಿ. ಕೆಂಪು ಅಲ್ಲಿಗೆ ನಿಂತಿರಲಿಲ್ಲ. ಹುಬ್ಬಿನ ಮೇಲೆ ಒಂದು ಪಟ್ಟೆ, ಕಣ್ಣಿನ ತುದಿಯಿಂದ ಕಪೋಲಕ್ಕೆ ಒಂದು ಪಟ್ಟೆ. ನನ್ನ ಬೆರಳು ಓಡಾಡಿದ ದಾರಿಯೇ ಅದು. ಕೊಯ್ಯದ ಜಾಗದಲ್ಲೂ ಗುಳ್ಳೆ ಎದ್ದಿತ್ತು. ಹೊಲಿಗೆಯ ಗೆರೆ ಮಾತ್ರ ಆ ಕೆಂಪಿನ ನಡುವೆ ತಣ್ಣಗೆ ಕೂಡಿಕೊಂಡು ಒಣಗಿತ್ತು. ಸೋಂಕಾಗಿದ್ದರೆ ಗಾಯದಿಂದಲೇ ಶುರುವಾಗುತ್ತಿತ್ತು. ಒಂದು ಕಡೆ ಜಾಸ್ತಿ ಇರುತ್ತಿತ್ತು, ಮುಟ್ಟಿದರೆ ಬಿಸಿ, ದಿನದಿಂದ ದಿನಕ್ಕೆ ಏರುವ ನೋವು, ಕೀವು ಇರುತ್ತಿತ್ತು. ಇದು ನಿಯೋಮೈಸಿನ್ ಅಲರ್ಜಿ. ಚರ್ಮಕ್ಕೆ ಅಲರ್ಜಿ ತರುವ ಔಷಧಿಗಳಲ್ಲಿ ಅದು ಹೆಸರುವಾಸಿಯಂತೆ. ಹಿಂದೆ ಹಚ್ಚಿ ಹಚ್ಚಿ ಮೈ ಅದನ್ನು ಗುರುತು ಹಿಡಿದಿಟ್ಟುಕೊಂಡಿರುತ್ತದೆ. ಮುಂದೊಂದು ಸಲ ಹಚ್ಚಿದಾಗ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು ರೇಗುತ್ತದೆ.

ನೆನಪಾದದ್ದು ಆಗ. ಹೋದ ವರ್ಷ ಚಳಿಯಲ್ಲಿ ಹಿಮ್ಮಡಿ ಒಡೆದಾಗ ಇದೇ ಮುಲಾಮು ಹಚ್ಚಿ ಪಾದವೆಲ್ಲ ತುರಿಸಿತ್ತು. ಸೋಪಿನದ್ದು ಅಂದುಕೊಂಡಿದ್ದೆ.

ಸೆಫಿಕ್ಸಿಮ್ ಸ್ಟ್ರಿಪ್ಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದು ಟೈಫಾಯ್ಡ್‌ಗೆ, ಮೂತ್ರದ ಸೋಂಕಿಗೆ ಕೊಡೋ ಮಾತ್ರೆ ಮೇಡಂ. ಚರ್ಮದ ಗಾಯಕ್ಕೆ ಸಾಮಾನ್ಯವಾಗಿ ತೊಂದರೆ ಕೊಡೋದು ಸ್ಟೆಫೈಲೊಕಾಕಸ್. ಅದರ ಮೇಲೆ ಇದು ಸರಿಯಾಗಿ ಕೆಲಸಾನೇ ಮಾಡಲ್ಲ." ನಾನು ಅವಾಕ್ಕಾದೆ. ಆಪರೇಷನ್ ದಿನ ಕೊಟ್ಟ ಸೆಫಜೋಲಿನ್ನೂ ಸೆಫ್, ಇದೂ ಸೆಫ್. ಒಂದೇ ವಂಶ, ತಲೆಮಾರು ಬೇರೆ. ಅದು ಮೊದಲನೆಯದು, ಇದು ಮೂರನೆಯದು. ಮೂರನೆಯದು ಅಂದರೆ ಜಾಸ್ತಿ ಪವರ್ ಅಂತ ನಾವು ತಿಳಿಯುತ್ತೇವೆ. ಈ ಕೆಲಸಕ್ಕೆ ಅಜ್ಜಿಯೇ ಗಟ್ಟಿಗಿತ್ತಿ. ಅಂದರೆ ನಾಲ್ಕು ದಿನ ನಾನು ನುಂಗಿದ್ದು ಇಲ್ಲದ ಕಾಯಿಲೆಗೆ, ಇದ್ದಿದ್ದರೂ ಹೊಂದದ ಔಷಧಿ. ಅದು ಕೊಂದದ್ದು ಕರುಳಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಒಳ್ಳೆ ಬ್ಯಾಕ್ಟೀರಿಯಾಗಳನ್ನು. ಹೊಟ್ಟೆ ಕೆಟ್ಟದ್ದು ಅದಕ್ಕೇ.

"ಕೋರ್ಸ್ ಮುಗಿಸಬೇಕಲ್ವಾ?" ಅಂತ ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಡಾಕ್ಟರು ಒಂದು ಕಾಯಿಲೆಗೆ ಅಂತ ಬರೆದುಕೊಟ್ಟ ಕೋರ್ಸನ್ನ ನೀವಾಗೇ ನಿಲ್ಲಿಸಬಾರದು. ಇದನ್ನ ಬರೆದುಕೊಟ್ಟವರು ಯಾರು? ಇವತ್ತೇ ನಿಲ್ಲಿಸಿ. ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ ಫೋನ್ ಮಾಡಿ."

ಮುಲಾಮು ಬಂದ್. ತಣ್ಣೀರ ಪಟ್ಟಿ, ತುರಿಕೆಗೆ ಒಂದು ಮಾತ್ರೆ, ಕೆಲವೇ ದಿನ ತೆಳ್ಳಗೆ ಹಚ್ಚಲು ಸೌಮ್ಯವಾದ ಸ್ಟೀರಾಯ್ಡ್ ಕ್ರೀಮು. ಅದೂ ಕಣ್ಣೊಳಗೆ ಹೋಗದ ಹಾಗೆ. ಹೊಲಿಗೆ ಬಿಚ್ಚಿದ್ದು ಎರಡು ನಿಮಿಷದ ಕೆಲಸ. ಕೂದಲಿಗಿಂತ ಸಣ್ಣ ದಾರ, ಬಿಳಿ ಬಟ್ಟೆಯ ಮೇಲೆ ರೆಪ್ಪೆಕೂದಲು ಉದುರಿದ ಹಾಗೆ ಬಿದ್ದಿತ್ತು.

ಆಮೇಲೆ ಒಂದು ವಾರ ರಾತ್ರಿ ಎಲ್ಲ ಇದನ್ನೇ ಓದಿದೆ. ಬಿಳಿ ಜೆಲ್ಲಿಯ ಬಗ್ಗೆ ನನಗೆ ಎಷ್ಟು ತಾತ್ಸಾರವಿತ್ತು! 1996ರಲ್ಲಿ ಅಮೆರಿಕದಲ್ಲಿ ಚರ್ಮದ ಸಣ್ಣ ಆಪರೇಷನ್ ಆದ 900ಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಬರೀ ಜೆಲ್ಲಿ, ಕೆಲವರಿಗೆ ಬ್ಯಾಸಿಟ್ರಾಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಕೊಟ್ಟು ನೋಡಿದ್ದರು. ಎರಡೂ ಕಡೆ ಸೋಂಕು ಬಂದದ್ದೇ ಕೆಲವೇ ಜನರಿಗೆ, ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಸಿಗಲಿಲ್ಲ. ಅಲರ್ಜಿ ಆದದ್ದು ಮಾತ್ರ ಮುಲಾಮು ಹಚ್ಚಿಕೊಂಡವರಲ್ಲೇ, ಜೆಲ್ಲಿಯವರಲ್ಲಿ ಒಬ್ಬರಿಗೂ ಇಲ್ಲ.

ಊರಿಗೆ ಬಂದು ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿಕೊಂಡೆ. "ನೀನು ಮಾಡಿದ್ದು ತಪ್ಪು, ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಚೀಟಿ ಮನೇಲಿದೆ ಅಂತ ಸುಳ್ಳು ಹೇಳಿದ್ದೆ" ಅಂದೆ. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. "ದಿನಕ್ಕೆ ಹತ್ತು ಜನ ಹೀಗೇ ಬರ್ತಾರೆ ಮಿಸ್. ನಾನು ಕೊಡದೆ ಹೋದ್ರೆ ಪಕ್ಕದಂಗಡಿಗೆ ಹೋಗ್ತಾರೆ" ಅಂದ. ಅದಕ್ಕೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ನಾನೂ ಪಕ್ಕದಂಗಡಿಗೆ ಹೋಗುತ್ತಿದ್ದೆನೋ ಏನೋ.

ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಇಟ್ಟಿದ್ದರೆ ಮುಂದಿನ ಗಂಟಲುನೋವಿಗೆ ಯಾರಾದರೂ ನುಂಗುತ್ತಿದ್ದರು, ನಮ್ಮ ಮನೆ ನನಗೆ ಗೊತ್ತಿಲ್ಲವಾ? ಬಚ್ಚಲಿಗೆ ಹಾಕಿದರೆ ನೀರಿಗೆ ಸೇರುತ್ತದೆ. ಕಾಫಿ ಚರಟದಂಥ, ಯಾರೂ ಬಾಯಿಗೆ ಹಾಕದ ವಸ್ತುವಿನಲ್ಲಿ ಬೆರೆಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಬಹುದು ಅಂತ ಓದಿದ್ದೆ. ಚಿಕ್ಕಮಗಳೂರಿನ ಮನೆಯಲ್ಲಿ ಕಾಫಿ ಚರಟಕ್ಕೆ ಬರವಾ? ಬೆಳಗಿನ ಫಿಲ್ಟರ್ ಬಗ್ಗಿಸಿ, ಮಾತ್ರೆ ಬೆರೆಸಿ ಕಟ್ಟಿದೆ. ಅತ್ತೆ ನೋಡುತ್ತಾ ನಿಂತಿದ್ದರು, ಏನೂ ಕೇಳಲಿಲ್ಲ.

ಕೆಂಪು ಇಳಿಯಲು ಹತ್ತು ದಿನ ಹಿಡಿಯಿತು. ಇಲ್ಲದಿದ್ದರೆ ರಜೆ ಮುಗಿದ ಮೊದಲ ದಿನವೇ ಕನ್ನಡಕವಿಲ್ಲದೆ ಶಾಲೆಗೆ ಹೋಗಬಹುದಿತ್ತು. ತಿಂಗಳ ಚೆಕಪ್‌ಗೆ ಹೋದಾಗ ಹಾಸನಾಂಬೆ ದರ್ಶನದ ಜನಜಂಗುಳಿ, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಡಾಕ್ಟರು ನನ್ನ ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ನಿಯೋಮೈಸಿನ್ ಅಲರ್ಜಿ ಅಂತ ಬರೆದು, ಒಂದು ಚೀಟಿಯಲ್ಲೂ ಬರೆದುಕೊಟ್ಟು, ಪರ್ಸಿನಲ್ಲಿ ಇಟ್ಟುಕೊಳ್ಳಿ ಅಂದರು.

ಹೋದ ಭಾನುವಾರ ಎದುರು ಮನೆ ಅಕ್ಕ ಬಂದರು. ಅವರ ಯಜಮಾನರಿಗೆ ಪೊರೆ ಆಪರೇಷನ್ ಡೇಟ್ ಸಿಕ್ಕಿದೆ. "ನಮ್ಮವರು ಆಗಲೇ ರಾಗ ತೆಗೀತಿದಾರೆ. ಎದುರು ಮನೆ ಮೇಡಂ ಡ್ರಾಪ್ಸೇ ಹಾಕಿಲ್ಲ, ಚೆನ್ನಾಗೇ ಇದಾರೆ, ನಂಗ್ಯಾಕೆ ದಿನಕ್ಕೆ ಆರು ಸಲ ಅಂತ. ಅದು ಬೇಡ ಅಂತೀರಾ?"

ಲೋಟ ಕೆಳಗಿಟ್ಟೆ. ಪೊರೆ ಆಪರೇಷನ್ ಕಣ್ಣಿನ ಒಳಗೆ ಮಾಡುವಂಥದ್ದು. ಆ ಡ್ರಾಪ್ಸ್ ಬಿಟ್ಟರೆ ಏನಾಗಬಹುದು ಅಂತ ನೆನೆದೇ ಕೈ ತಣ್ಣಗಾಯಿತು.

"ಅಕ್ಕ, ದಮ್ಮಯ್ಯ, ಡ್ರಾಪ್ಸ್ ಒಂದು ಸಲವೂ ತಪ್ಪಿಸಬೇಡಿ ಅನ್ನಿ. ನಂದು ಪೊರೆ ಆಪರೇಷನ್ ಅಲ್ವೇ ಅಲ್ಲ." ಆಮೇಲೆ ಎಲ್ಲ ಹೇಳಿದೆ. ರೆಪ್ಪೆ, ಆರ್‌ಡಿ ದುಡ್ಡು, ಕದ್ದು ತಂದ ಮಾತ್ರೆ, ಮುಲಾಮು. ಒಳಗೆ ಅತ್ತೆಗೂ ಕೇಳಿಸುತ್ತಿತ್ತು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಒಂದು ರೆಪ್ಪೆ ನೋಡಿದರು, ಇನ್ನೊಂದು ರೆಪ್ಪೆ ನೋಡಿದರು. ಆಮೇಲೆ ಅಡುಗೆಮನೆ ಕಡೆ ಒಂದು ಕಣ್ಣಿಟ್ಟು, ದನಿ ತಗ್ಗಿಸಿ ಕೇಳಿದರು.

"ಹಾಸನದಲ್ಲಿ ಎಲ್ಲಿ?"